ಮಿನರಲ್ಲೋ ಸಿಂಥೆಟಿಕ್ಕೋ: ಎಂಜಿನ್ ಆಯಿಲ್, ಫಿಲ್ಟರ್ ಆರಿಸುವ ಮುನ್ನ ತಿಳಿದಿರಬೇಕಾದ್ದು

ಗಾಡಿ ಸರ್ವಿಸ್‌ಗೆ ಬಿಟ್ಟಾಗ ಕೌಂಟರಿನಲ್ಲಿ ಈಗ ತಪ್ಪದೆ ಕೇಳುವ ಪ್ರಶ್ನೆ: “ಯಾವ ಆಯಿಲ್ ಹಾಕೋದು ಸರ್? ಮಿನರಲ್ಲಾ, ಸೆಮಿ ಸಿಂಥೆಟಿಕ್ಕಾ, ಫುಲ್ ಸಿಂಥೆಟಿಕ್ಕಾ?” ಮಿನರಲ್‌ಗೂ ಫುಲ್ ಸಿಂಥೆಟಿಕ್‌ಗೂ ಬೆಲೆಯಲ್ಲಿ ಎರಡು ಪಟ್ಟಿನ ಅಂತರ ಇರುವುದುಂಟು. ಹೆಚ್ಚು ದುಡ್ಡಿನದ್ದು ಒಳ್ಳೆಯದೇ ಇರಬೇಕು ಎಂದು ಒಬ್ಬರು ಒಪ್ಪಿಬಿಡುತ್ತಾರೆ. ಇಷ್ಟು ವರ್ಷ ಮಾಮೂಲಿ ಆಯಿಲ್‌ನಲ್ಲೇ ಓಡಿತಲ್ಲ ಎಂದು ಇನ್ನೊಬ್ಬರು ಬೇಡವೆನ್ನುತ್ತಾರೆ. ಇಬ್ಬರದ್ದೂ ಅಂದಾಜಿನ ತೀರ್ಮಾನ.

ಹಿಂದೆ ಅಂದಾಜಿನಲ್ಲೇ ನಡೆಯುತ್ತಿತ್ತು. 20ಡಬ್ಲ್ಯು-40 ಡಬ್ಬಿ ಒಂದಿದ್ದರೆ ಬೈಕು, ಕಾರು, ಜೀಪು ಎಲ್ಲಕ್ಕೂ ಸುರಿದು ಕೆಲಸ ಸಾಗಿಸುವ ಗ್ಯಾರೇಜುಗಳಿದ್ದವು. 2020ರ ಏಪ್ರಿಲ್ 1ರಂದು ದೇಶದಾದ್ಯಂತ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಎಂಜಿನ್‌ಗಳ ಸ್ವಭಾವವೇ ಬದಲಾಗಿದೆ. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಬಂದಿದೆ, ಒಂದು ಲೀಟರ್ ಗಾತ್ರದ ಪುಟ್ಟ ಪೆಟ್ರೋಲ್ ಎಂಜಿನ್‌ಗೂ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಬಂದಿದೆ, ಕಂಪನಿಗಳು ನೀರಿನಷ್ಟು ತೆಳುವಾಗಿ ಕಾಣುವ 0ಡಬ್ಲ್ಯು-20 ಆಯಿಲ್ ಹಾಕಿ ಎನ್ನುತ್ತಿವೆ. ಇಂಥ ಎಂಜಿನ್‌ಗೆ ತಪ್ಪು ಆಯಿಲ್ ಬಿದ್ದರೆ ಆಗುವ ಖರ್ಚು ಸರ್ವಿಸ್ ಬಿಲ್ಲಿನಲ್ಲಿ ಮುಗಿಯುವಂಥದ್ದಲ್ಲ. ಹಾಗಾಗಿ ಬುಡದಿಂದಲೇ ನೋಡೋಣ.

ಆಯಿಲ್ ಒಳಗೆ ಮಾಡುವುದೇನು?

ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡಿ ತಿರುಗಿಸುವ ಮುಖ್ಯ ದಂಡವೇ ಕ್ರ್ಯಾಂಕ್ ಶಾಫ್ಟ್. ಹೈವೇಯಲ್ಲಿ ಅದು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತದೆ. ಅದನ್ನು ಹಿಡಿದಿರುವ ಬೇರಿಂಗ್‌ಗಳೂ ಲೋಹ, ಅದೂ ಲೋಹ. ಆದರೂ ಒಂದನ್ನೊಂದು ಉಜ್ಜಿ ಸವೆಯುವುದಿಲ್ಲ, ಏಕೆಂದರೆ ಅವು ಪರಸ್ಪರ ಮುಟ್ಟುವುದೇ ಇಲ್ಲ. ತಿರುಗುವ ಶಾಫ್ಟು ತನ್ನ ಸುತ್ತಲಿನ ಆಯಿಲನ್ನು ಕಿರಿದಾದ ಸಂದಿಯೊಳಕ್ಕೆ ತಾನೇ ಎಳೆದುಕೊಳ್ಳುತ್ತದೆ. ಅಲ್ಲಿ ಹುಟ್ಟುವ ಒತ್ತಡ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಈ ಪದರದ ದಪ್ಪ ಕೆಲವೇ ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಆಯಿಲ್ ಪದರದ ಮೇಲೆ ಇಡೀ ಎಂಜಿನ್ ತೇಲುತ್ತಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಜಾರಿಕೆ ಒಂದೇ ಅದರ ಕೆಲಸವಲ್ಲ. ರೇಡಿಯೇಟರ್ ನೀರು ತಲುಪದ ಪಿಸ್ಟನ್ ತಳದಿಂದ ಶಾಖವನ್ನು ಹೊತ್ತು ತರುವುದು ಆಯಿಲ್. ಪಿಸ್ಟನ್ ರಿಂಗು ಮತ್ತು ಬೋರಿನ, ಅಂದರೆ ಸಿಲಿಂಡರಿನ ಒಳಗೋಡೆಯ, ನಡುವಿನ ಸಂದಿ ಮುಚ್ಚಿ ಕಂಪ್ರೆಷನ್ ಸೋರದಂತೆ ನೋಡಿಕೊಳ್ಳುವುದೂ ಅದೇ. ಪೆಟ್ರೋಲ್, ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗಡ್ಡೆ ಕಟ್ಟಲು ಬಿಡದೆ ತನ್ನೊಳಗೆ ತೇಲಿಸಿಕೊಳ್ಳುತ್ತದೆ, ಆಮ್ಲಗಳನ್ನು ತಟಸ್ಥಗೊಳಿಸುತ್ತದೆ, ತುಕ್ಕು ತಡೆಯುತ್ತದೆ. ಇದಕ್ಕೆಲ್ಲ ಬರಿಯ ಎಣ್ಣೆ ಸಾಲದು. ಡಬ್ಬಿಯಲ್ಲಿ ಇರುವುದರ ಬಹುಪಾಲು ಮೂಲ ಎಣ್ಣೆ. ಉಳಿದದ್ದು ಕೊಳೆ ತೊಳೆಯುವ, ನೊರೆ ತಡೆಯುವ, ಸವೆತ ತಗ್ಗಿಸುವ ರಾಸಾಯನಿಕಗಳು. ಅವುಗಳಲ್ಲಿ ಜಿಂಕ್ ಮತ್ತು ರಂಜಕ ಇರುವ ಸಂಯುಕ್ತವೊಂದು ಬಹಳ ಮುಖ್ಯ. ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಆಯಿಲ್ ಇನ್ನೂ ಮೇಲೇರಿರುವುದಿಲ್ಲ, ತೇಲಿಸುವ ಪದರ ಇನ್ನೂ ಕಟ್ಟಿರುವುದಿಲ್ಲ. ಆಗ ಲೋಹದ ಮೇಲೆ ಈ ಸಂಯುಕ್ತ ಬಿಟ್ಟಿರುವ ತೆಳು ಲೇಪ ತಾನು ಸವೆದು ಲೋಹವನ್ನು ಉಳಿಸುತ್ತದೆ.

ಡಬ್ಬಿಯ ಮೇಲಿನ ಅಂಕಿ ಓದುವುದು ಹೇಗೆ?

ಡಿಸೆಂಬರ್ ಬೆಳಗಿನಲ್ಲಿ ಶೀಸೆಯೊಳಗೆ ಗಡ್ಡೆಯಾಗಿ ನಿಂತ ಕೊಬ್ಬರಿ ಎಣ್ಣೆ ಮಧ್ಯಾಹ್ನದ ಬಿಸಿಲಿಗೆ ನೀರಾಗುತ್ತದೆ. ಅಷ್ಟು ನಾಟಕೀಯವಾಗಿ ಅಲ್ಲದಿದ್ದರೂ ಎಂಜಿನ್ ಆಯಿಲ್‌ನದ್ದೂ ಇದೇ ಪಾಡು: ತಣ್ಣಗಿದ್ದಾಗ ಮಂದ, ಬಿಸಿಯಾದಾಗ ತೆಳು. ಈ ಮಂದತನಕ್ಕೆ ಪಠ್ಯಪುಸ್ತಕದ ಹೆಸರು ಸ್ನಿಗ್ಧತೆ. ತೊಂದರೆ ಎರಡು ತುದಿಯಲ್ಲೂ ಇದೆ. ತಣ್ಣಗಿದ್ದಾಗ ತೀರಾ ಮಂದವಾದರೆ ಪಂಪು ಅದನ್ನು ಮೇಲಕ್ಕೆ ತಳ್ಳಲಾರದು, ಬಿಸಿಯಲ್ಲಿ ತೀರಾ ತೆಳುವಾದರೆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ.

5ಡಬ್ಲ್ಯು-30 ಎಂಬಲ್ಲಿ ಎರಡು ಅಂಕಿಗಳಿರುವುದು ಇದಕ್ಕೇ. ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಮಾಡಿದ ವಿಂಗಡಣೆ ಇದು. ‘ಡಬ್ಲ್ಯು’ ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. 20ಡಬ್ಲ್ಯು ಆಯಿಲನ್ನು ಮೈನಸ್ 15 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ, 10ಡಬ್ಲ್ಯು ಆದರೆ ಮೈನಸ್ 25, 5ಡಬ್ಲ್ಯು ಮೈನಸ್ 30, 0ಡಬ್ಲ್ಯು ಮೈನಸ್ 35. ಡಬ್ಲ್ಯು ನಂತರದ ಅಂಕಿ ಬಿಸಿ ಎಂಜಿನ್‌ನದ್ದು. 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದವಾಗಿ ಉಳಿದಿರುತ್ತದೆ ಎಂಬುದನ್ನು ಅದು ಹೇಳುತ್ತದೆ. 20 ಅಂದರೆ ತೆಳು, 50 ಅಂದರೆ ಮಂದ.

ಬೀದರ್, ವಿಜಯಪುರದ ಕಡೆ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿದರೇ ನಮಗೆ ಸುದ್ದಿ. ಹಾಗಿದ್ದರೆ ಮೈನಸ್ 35ರ ಲೆಕ್ಕ ನಮಗೇಕೆ? ಕೆನಡಾದಲ್ಲೋ ಮಿನೆಸೋಟದಲ್ಲೋ ಇರುವ ಕನ್ನಡಿಗರಿಗೆ ಅದು ಚಳಿಗಾಲದ ಬೆಳಗ್ಗೆ ಕಾರು ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆ. ನಮ್ಮಲ್ಲಿ ಲಾಭ ಬೇರೆ ರೀತಿಯದು. ಎಂಜಿನ್‌ನ ಮಟ್ಟಿಗೆ ಬೆಂಗಳೂರಿನ 20 ಡಿಗ್ರಿಯೂ ಚಳಿಯೇ, ಏಕೆಂದರೆ ಅದು ಕೆಲಸ ಮಾಡಬೇಕಾದ ಬಿಸಿ ನೂರರ ಹತ್ತಿರ. 40 ಡಿಗ್ರಿಯಲ್ಲಿ ಅಳೆದರೆ ಸಾಮಾನ್ಯ 20ಡಬ್ಲ್ಯು-50 ಆಯಿಲ್‌ನ ಸ್ನಿಗ್ಧತೆ ಸುಮಾರು 160 ಸೆಂಟಿಸ್ಟೋಕ್ಸ್, 0ಡಬ್ಲ್ಯು-20ರದ್ದು 45ರ ಹತ್ತಿರ. ತೆಳುವಾದದ್ದು ಬೆಳಗ್ಗೆ ಬೇಗ ಮೇಲೇರುತ್ತದೆ, ಪಂಪಿನ ಮೇಲಿನ ಭಾರ ಕಡಿಮೆ, ಸ್ವಲ್ಪ ಇಂಧನವೂ ಉಳಿಯುತ್ತದೆ.

ಹಾಗೆಂದು ತೆಳುವಾದದ್ದೇ ಎಲ್ಲಕ್ಕೂ ಒಳ್ಳೆಯದಲ್ಲ. 0ಡಬ್ಲ್ಯು-20 ಕೇಳುವ ಎಂಜಿನ್‌ನಲ್ಲಿ ಬೇರಿಂಗ್ ಸಂದಿ, ಪಂಪು, ಆಯಿಲ್ ಹರಿಯುವ ಸಣ್ಣ ದಾರಿಗಳು ಎಲ್ಲವನ್ನೂ ಆ ತೆಳುವಿಗೇ ಲೆಕ್ಕ ಹಾಕಿ ಮಾಡಿರುತ್ತಾರೆ. 20ಡಬ್ಲ್ಯು-50 ಕೇಳುವ ಹಳೆಯ ಎಂಜಿನ್‌ಗೆ ಅದನ್ನು ಹಾಕಿದರೆ ಒತ್ತಡ ಬೀಳಬಹುದು. ಹೊಸ ಎಂಜಿನ್‌ಗೆ ‘ನಮ್ಮ ಬಿಸಿಲಿಗೆ ಮಂದ ಇರಲಿ’ ಎಂದು 20ಡಬ್ಲ್ಯು-50 ಸುರಿಯುವುದೂ ಅಷ್ಟೇ ತಪ್ಪು. ಕಾರಿನ ಮ್ಯಾನ್ಯುಯಲ್‌ನಲ್ಲಿ ನಮ್ಮ ದೇಶದ ಹವೆಗೆ ಹೊಂದಿಸಿಯೇ ಗ್ರೇಡ್ ಕೊಟ್ಟಿರುತ್ತಾರೆ.

ಸಿಂಥೆಟಿಕ್ ಎಂದರೆ ನಿಜಕ್ಕೂ ಏನು?

ಕಚ್ಚಾ ತೈಲವನ್ನು ಸೋಸಿ, ಬೇರ್ಪಡಿಸಿ, ಮೇಣ ತೆಗೆದು ಸಿಗುವುದು ಮಿನರಲ್ ಎಣ್ಣೆ. ಅದರಲ್ಲಿ ಉದ್ದ, ಗಿಡ್ಡ, ಉಂಗುರ ಎಂದು ನಾನಾ ಆಕಾರದ ಅಣುಗಳು ಬೆರೆತಿರುತ್ತವೆ. ಜತೆಗೆ ಒಂದಷ್ಟು ಗಂಧಕ, ಉಳಿದ ಮೇಣ. ಸಿಂಥೆಟಿಕ್‌ನಲ್ಲಿ ಅಣುಗಳನ್ನು ಬೇಕಾದ ಆಕಾರಕ್ಕೆ ಕಾರ್ಖಾನೆಯಲ್ಲೇ ಕಟ್ಟುತ್ತಾರೆ. ಹೀಗಾಗಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯವು.

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮೂಲ ಎಣ್ಣೆಗಳನ್ನು ಐದು ಗುಂಪು ಮಾಡಿದೆ. ಮೊದಲನೆಯದು ಹಳೆಯ ಪದ್ಧತಿಯಲ್ಲಿ ಶುದ್ಧಿ ಮಾಡಿದ ಮಿನರಲ್ ಎಣ್ಣೆ. ಎರಡನೆಯದು ಜಲಜನಕ ಹಾಯಿಸಿ ಇನ್ನಷ್ಟು ಶುದ್ಧ ಮಾಡಿದ್ದು. ಮೂರನೆಯದರಲ್ಲಿ ಹೆಚ್ಚು ಒತ್ತಡ, ಹೆಚ್ಚು ಶಾಖದಲ್ಲಿ ಜಲಜನಕದೊಂದಿಗೆ ಅಣುಗಳನ್ನೇ ಒಡೆದು ಮರುಜೋಡಿಸಿರುತ್ತಾರೆ. ನಾಲ್ಕನೆಯದು ಪಿಎಒ: ಎಥಿಲೀನ್ ಅನಿಲದಿಂದ ಶುರುಮಾಡಿ ಕಟ್ಟಿದ ಎಣ್ಣೆ. ಎಸ್ಟರ್‌ಗಳೂ ಸೇರಿದಂತೆ ಮಿಕ್ಕದ್ದೆಲ್ಲ ಐದನೆಯದು.

ಮೊದಲು ಸಿಂಥೆಟಿಕ್ ಎಂದರೆ ನಾಲ್ಕು ಮತ್ತು ಐದನೆಯ ಗುಂಪು ಮಾತ್ರ ಎಂಬ ತಿಳಿವಳಿಕೆ ಇತ್ತು. 1990ರ ದಶಕದಲ್ಲಿ ಕ್ಯಾಸ್ಟ್ರಾಲ್ ಮೂರನೆಯ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರತೊಡಗಿದಾಗ ಮೊಬಿಲ್ ಆಕ್ಷೇಪಿಸಿತು. ಅಮೆರಿಕದ ಜಾಹೀರಾತು ಪರಿಶೀಲನಾ ವಿಭಾಗ 1999ರಲ್ಲಿ ಕ್ಯಾಸ್ಟ್ರಾಲ್ ಪರ ತೀರ್ಮಾನ ಕೊಟ್ಟಿತು. ಅಲ್ಲಿಂದೀಚೆಗೆ ಅಂಗಡಿಯಲ್ಲಿ ಸಿಗುವ ಬಹಳಷ್ಟು ‘ಫುಲ್ ಸಿಂಥೆಟಿಕ್’ ಮೂರನೆಯ ಗುಂಪಿನದ್ದೇ. ಅದು ಮೋಸವಲ್ಲ, ಚೆನ್ನಾಗಿ ಮಾಡಿದ ಮೂರನೆಯ ಗುಂಪಿನ ಎಣ್ಣೆ ಗುಣದಲ್ಲಿ ಪಿಎಒಗೆ ಬಹಳ ಹತ್ತಿರ ಬರುತ್ತದೆ. ಆದರೆ ‘ಸೆಮಿ ಸಿಂಥೆಟಿಕ್’ ಎಂಬ ಮಾತಿನ ಮೇಲೆ ಹೆಚ್ಚು ಭರವಸೆ ಇಡಬೇಡಿ. ಅದರಲ್ಲಿ ಸಿಂಥೆಟಿಕ್ ಪಾಲು ಎಷ್ಟಿರಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದು ಅಳತೆ ಇಲ್ಲ. ಮುಂಬದಿಯ ದೊಡ್ಡ ಅಕ್ಷರಕ್ಕಿಂತ ಹಿಂಬದಿಯ ಸಣ್ಣ ಅಕ್ಷರ ಮುಖ್ಯವಾಗುವುದು ಇಲ್ಲೇ.

ಹೆಚ್ಚು ಕೊಟ್ಟ ದುಡ್ಡಿಗೆ ಸಿಗುವುದೇನು?

ಮೊದಲನೆಯ ಲಾಭ, ಚಳಿಗೂ ಬಿಸಿಗೂ ಮಂದತನದಲ್ಲಿ ಆಗುವ ಏರುಪೇರು ಕಡಿಮೆ. ಮಿನರಲ್ ಎಣ್ಣೆ ಬಿಸಿಯಲ್ಲಿ ತೀರಾ ತೆಳುವಾಗದಂತೆ ಅದಕ್ಕೆ ಉದ್ದನೆಯ ಪಾಲಿಮರ್ ಅಣುಗಳನ್ನು ಬೆರೆಸುತ್ತಾರೆ. ತಣ್ಣಗಿದ್ದಾಗ ಮುದುಡಿರುವ ಇವು ಬಿಸಿಯಲ್ಲಿ ಬಿಚ್ಚಿಕೊಂಡು ಹರಿವನ್ನು ತಡೆಹಿಡಿಯುತ್ತವೆ. ಆದರೆ ಓಡುತ್ತ ಓಡುತ್ತ ಇವು ತುಂಡಾಗುತ್ತವೆ, ಹಾಕುವಾಗ 40 ಇದ್ದದ್ದು ಕೆಲವು ಸಾವಿರ ಕಿಲೋಮೀಟರಿಗೆ 30ರ ಕಡೆ ಜಾರಬಹುದು. ಸಿಂಥೆಟಿಕ್‌ಗೆ ಈ ಊರುಗೋಲು ಅಷ್ಟಾಗಿ ಬೇಡ, ಹಾಗಾಗಿ ಅದರ ಗ್ರೇಡ್ ಹೆಚ್ಚು ಕಾಲ ನಿಲ್ಲುತ್ತದೆ.

ಎರಡನೆಯದು ಶಾಖ ತಾಳುವ ಶಕ್ತಿ. ಉಷ್ಣಾಂಶ 10 ಡಿಗ್ರಿ ಏರಿದರೆ ಎಣ್ಣೆ ಆಮ್ಲಜನಕದೊಂದಿಗೆ ಸೇರಿ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಟರ್ಬೊ ಇರುವ ಗಾಡಿಯಲ್ಲಿ ಇದು ನೇರವಾಗಿ ಕಾಣುತ್ತದೆ. ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ, ಅದರ ಒಂದು ತುದಿ ಸುಡುವ ಹೊಗೆಯಲ್ಲಿರುತ್ತದೆ, ಹೆಚ್ಚಿನವುಗಳಲ್ಲಿ ಅದನ್ನು ತೇಲಿಸುವುದು ಇದೇ ಎಂಜಿನ್ ಆಯಿಲ್. ಶಿರಾಡಿ ಘಾಟಿ ಹತ್ತಿ ಬಂದು ತಕ್ಷಣ ಎಂಜಿನ್ ಆಫ್ ಮಾಡಿದರೆ ಅಲ್ಲಿ ನಿಂತ ಆಯಿಲ್ ಸುಟ್ಟು ಇದ್ದಿಲಿನ ಹೊಪ್ಪಳೆಯಾಗುತ್ತದೆ. ಸಿಂಥೆಟಿಕ್ ಅದನ್ನು ತಪ್ಪಿಸಿಯೇ ಬಿಡುತ್ತದೆ ಎಂದಲ್ಲ, ಬಹಳ ಕಡಿಮೆ ಮಾಡುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡುವ ಅಭ್ಯಾಸ ಆಗಲೂ ಬೇಕು.

ಮೂರನೆಯದು, ಅದು ಕಡಿಮೆ ಆವಿಯಾಗುತ್ತದೆ. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಎಷ್ಟು ಹಾರಿಹೋಯಿತೆಂದು ತೂಗುವ ನೊಯಾಕ್ ಪರೀಕ್ಷೆ ಇದೆ. ಇತ್ತೀಚಿನ ಪೆಟ್ರೋಲ್ ಎಂಜಿನ್ ಆಯಿಲ್‌ಗಳಿಗೆ ಇದರಲ್ಲಿ ಶೇ 15ರ ಮಿತಿ ಇದೆ. ಒಳ್ಳೆಯ ಸಿಂಥೆಟಿಕ್‌ಗಳು ಅದಕ್ಕಿಂತ ಸಾಕಷ್ಟು ಕೆಳಗಿರುತ್ತವೆ.

ಸಿಗದೇ ಇರುವುದನ್ನೂ ಹೇಳಬೇಕು. ಸವೆದ ಬೋರು ಸಿಂಥೆಟಿಕ್‌ನಿಂದ ಸರಿಹೋಗುವುದಿಲ್ಲ. ಬಿಳಿ-ನೀಲಿ ಹೊಗೆ ಬಿಡುತ್ತ ಆಯಿಲ್ ಕುಡಿಯುವ ಎಂಜಿನ್‌ಗೆ ದುಬಾರಿ ಆಯಿಲ್ ಹಾಕಿದರೆ ಅದನ್ನೂ ಕುಡಿಯುತ್ತದೆ. ಮೈಲೇಜಿನ ಲಾಭ ಇದ್ದರೂ ಚಿಕ್ಕದು. ಅದರ ಹೆಚ್ಚಿನ ಪಾಲು ಬರುವುದು ಸಿಂಥೆಟಿಕ್ ಆದದ್ದರಿಂದ ಅಲ್ಲ, ತೆಳು ಗ್ರೇಡ್‌ನಿಂದ. ಟರ್ಬೊ ಇಲ್ಲದ, ಕಾರ್ಬ್ಯುರೇಟರ್ ಕಾಲದ ಗಾಡಿಗೆ ಮ್ಯಾನ್ಯುಯಲ್ ಹೇಳಿದ ಮಿನರಲ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಿದ್ದರೆ ಅದು ಧಾರಾಳವಾಗಿ ಸಾಕು. 0ಡಬ್ಲ್ಯು-20 ಕೇಳುವ ಗಾಡಿಗೆ ಮಾತ್ರ ಈ ಆಯ್ಕೆಯೇ ಇಲ್ಲ. ಅಂಥ ಗ್ರೇಡನ್ನು ಮಾಮೂಲಿ ಮಿನರಲ್ ಎಣ್ಣೆಯಿಂದ ಮಾಡಲು ಆಗುವುದಿಲ್ಲ.

ಹಿಂಬದಿಯ ಸಣ್ಣ ಅಕ್ಷರಗಳು

ಗ್ರೇಡ್ ಹೇಳುವುದು ಮಂದತನವನ್ನು ಮಾತ್ರ. ಗುಣಮಟ್ಟ ಹೇಳುವುದು ಎಪಿಐ ಅಕ್ಷರಗಳು. ‘ಎಸ್’ನಿಂದ ಶುರುವಾದರೆ ಪೆಟ್ರೋಲ್, ‘ಸಿ’ಯಿಂದ ಶುರುವಾದರೆ ಡೀಸೆಲ್. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸ ಮಾನದಂಡ: ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು, ಎಸ್‌ಕ್ಯು 2025ರದ್ದು. ಎಸ್‌ಪಿ ಬಂದದ್ದಕ್ಕೆ ಒಂದು ನಿರ್ದಿಷ್ಟ ಕಾರಣವಿತ್ತು. ಪುಟ್ಟ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಎಕ್ಸಿಲರೇಟರ್ ಒತ್ತಿದಾಗ ಸ್ಪಾರ್ಕಿಗೂ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಪ್ರಸಂಗಗಳು ಕಂಡುಬಂದವು. ಆಯಿಲ್‌ನಲ್ಲಿದ್ದ ಕ್ಯಾಲ್ಸಿಯಂ ಸಂಯುಕ್ತಗಳಿಗೂ ಇದಕ್ಕೂ ನಂಟಿರುವುದು ಪತ್ತೆಯಾಯಿತು. ಹೀಗಾಗಿ ಟರ್ಬೊ ಪೆಟ್ರೋಲ್ ಕಾರಿಗೆ ಹಳೆಯ ಎಸ್‌ಎಲ್, ಎಸ್‌ಎಂ ಆಯಿಲ್ ಹಾಕುವುದು ಬೇಡ.

ಬಿಎಸ್-6 ಡೀಸೆಲ್‌ನಲ್ಲಿ ನೋಡಬೇಕಾದ್ದು ಬೂದಿ. ಹೊಗೆ ಕೊಳವೆಯ ಜಾಲರಿ, ಅಂದರೆ ಡಿಪಿಎಫ್, ಹಿಡಿದಿಟ್ಟ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿಯಲ್ಲಿ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಆಯಿಲ್‌ನಲ್ಲಿರುವ ಲೋಹದ ಸಂಯುಕ್ತಗಳು ಬಿಡುವ ಬೂದಿ ಸುಡುವುದಿಲ್ಲ, ಅಲ್ಲೇ ಕೂತು ರಂಧ್ರಗಳನ್ನು ಕಟ್ಟುತ್ತದೆ. ಅದಕ್ಕೇ ಇಂಥ ಗಾಡಿಗಳಿಗೆ ಕಡಿಮೆ ಬೂದಿಯ ಆಯಿಲ್, ಕಾರಾದರೆ ಬಹುತೇಕ ಯುರೋಪಿನ ವಾಹನ ತಯಾರಕರ ಸಂಘ ಎಸಿಇಎಯ ‘ಸಿ’ ಸಾಲಿನದ್ದು (ಎಪಿಐನ ‘ಸಿ’ ಬೇರೆ), ಬೇಕು. ಹಳೆಯ ಡೀಸೆಲ್ ಜೀಪಿಗೆ ತಂದ ಆಯಿಲ್ ಉಳಿದಿದೆ ಎಂದು ಹೊಸ ಗಾಡಿಗೆ ಹಾಕಿದರೆ ಅಂದೇ ಏನೂ ಆಗುವುದಿಲ್ಲ. ತೊಂದರೆ ಮೆಲ್ಲಗೆ ಕಟ್ಟಿಕೊಳ್ಳುತ್ತ ಹೋಗುತ್ತದೆ.

ಬೈಕಿನವರಿಗೆ ಇನ್ನೊಂದು ಗುರುತು. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಪ್ಲೇಟು ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್‌ನಲ್ಲಿ ಜಾರಿಕೆ ಹೆಚ್ಚಿಸುವ ರಾಸಾಯನಿಕ ಇದ್ದರೆ ಬೈಕಿನ ಕ್ಲಚ್ ಪ್ಲೇಟೂ ಜಾರುತ್ತದೆ: ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಡಬ್ಬಿಯ ಮೇಲೆ ಜಪಾನಿನ ಜಾಸೊ ಸಂಸ್ಥೆಯ ‘ಎಂಎ’ ಅಥವಾ ‘ಎಂಎ2’ ಗುರುತಿದ್ದರೆ ಅದು ಒದ್ದೆ ಕ್ಲಚ್ಚಿಗೆ ಸರಿ. ಗೇರಿಲ್ಲದ ಸ್ಕೂಟರಿನ ಕ್ಲಚ್ ಒಣಗಿದ್ದು, ಆಯಿಲ್‌ಗೆ ತಾಗುವುದಿಲ್ಲ, ಅದಕ್ಕೆ ‘ಎಂಬಿ’. ಸ್ಕೂಟರಿನ ಎಂಬಿ ಆಯಿಲನ್ನು ಬೈಕಿಗೆ ಹಾಕಬಾರದು. ಬೈಕಿನಲ್ಲಿ ಗೇರಿನ ಹಲ್ಲುಗಳೂ ಇದೇ ಆಯಿಲನ್ನು ಅರೆಯುವುದರಿಂದ ಮೇಲೆ ಹೇಳಿದ ಪಾಲಿಮರ್‌ಗಳು ಕಾರಿಗಿಂತ ಬೇಗ ತುಂಡಾಗುತ್ತವೆ. ಬೈಕಿನ ಆಯಿಲ್ ಬೇಗ ಬದಲಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಆಯಿಲ್ ಫಿಲ್ಟರ್: ಡಬ್ಬದೊಳಗಿನ ಮೂರು ಸಂಗತಿ

ಆಯಿಲ್ ಎಷ್ಟೇ ಒಳ್ಳೆಯದಾದರೂ ಕೊಳೆಯನ್ನು ಹೊತ್ತು ತಿರುಗಬಲ್ಲದೇ ಹೊರತು ಹೊರಗೆ ಹಾಕಲಾರದು. ಅದು ಫಿಲ್ಟರಿನ ಕೆಲಸ. ಮೊದಮೊದಲ ಕಾರುಗಳಲ್ಲಿ ಇದು ಇರಲೇ ಇಲ್ಲ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ‘ಪ್ಯೂರೊಲೇಟರ್’ ಎಂಬ ಫಿಲ್ಟರ್ ತಂದರು.

ಬೇರಿಂಗಿನ ಆಯಿಲ್ ಪದರ ಕೆಲವೇ ಮೈಕ್ರಾನ್ ದಪ್ಪ ಎಂದೆವಲ್ಲ. ಅದಕ್ಕಿಂತ ಬಹಳ ಚಿಕ್ಕ ಕಣ ಅದರೊಳಗೆ ಹಾಯಾಗಿ ಹಾದುಹೋಗುತ್ತದೆ, ಬಹಳ ದೊಡ್ಡದು ಸಂದಿಗೆ ನುಗ್ಗುವುದೇ ಇಲ್ಲ. ಹೆಚ್ಚು ಹಾನಿ ಮಾಡುವುದು ಪದರದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ದಪ್ಪಗಿರುವ, ಅಂದರೆ 5ರಿಂದ 20 ಮೈಕ್ರಾನಿನ ಕಣಗಳು. ಕಣ್ಣಿಗೆ ಕಾಣದವು. ಆದ್ದರಿಂದ ‘20 ಮೈಕ್ರಾನ್ ಫಿಲ್ಟರ್’ ಎಂಬ ಮಾತು ಅರ್ಧ ಮಾಹಿತಿ. ಆ ಗಾತ್ರದ ಕಣಗಳಲ್ಲಿ ಎಷ್ಟನ್ನು ಅದು ಹಿಡಿಯುತ್ತದೆ ಎಂಬುದೇ ಪ್ರಶ್ನೆ. ನೂರರಲ್ಲಿ ಐವತ್ತು ಹಿಡಿಯುವುದೂ 20 ಮೈಕ್ರಾನ್ ಫಿಲ್ಟರೇ, ತೊಂಬತ್ತೆಂಟು ಹಿಡಿಯುವುದೂ 20 ಮೈಕ್ರಾನ್ ಫಿಲ್ಟರೇ. ಕಾಗದದ ಮಡಿಕೆಗಳ ಜತೆ ಕೃತಕ ನೂಲು ಬೆರೆಸಿದ ಫಿಲ್ಟರ್‌ಗಳು ಸಣ್ಣ ಕಣವನ್ನೂ ಹಿಡಿದು ಹರಿವಿಗೂ ಅಡ್ಡಿಯಾಗದೆ ಹೆಚ್ಚು ಕಾಲ ನಿಲ್ಲುತ್ತವೆ.

ಡಬ್ಬದೊಳಗೆ ಎರಡು ವಾಲ್ವುಗಳೂ ಇರುತ್ತವೆ. ಎಂಜಿನ್ ನಿಂತಾಗ ಫಿಲ್ಟರಿನೊಳಗಿನ ಆಯಿಲ್ ಕೆಳಗಿಳಿದು ಹೋಗದಂತೆ ತಡೆಯುವ ರಬ್ಬರ್ ತಟ್ಟೆ ಒಂದು. ಅಗ್ಗದ ಫಿಲ್ಟರುಗಳಲ್ಲಿ ಈ ರಬ್ಬರು ಬೇಗ ಗಡುಸಾಗಿ ಹಿಡಿತ ಬಿಡುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೇಳುವ ‘ಕಟಕಟ’ಕ್ಕೆ ಎಷ್ಟೋ ಸಲ ಇದೇ ಕಾರಣ. ಇನ್ನೊಂದು ಬೈಪಾಸ್ ವಾಲ್ವು. ಫಿಲ್ಟರ್ ಕಟ್ಟಿಕೊಂಡರೆ, ಇಲ್ಲವೇ ಆಯಿಲ್ ತೀರಾ ಮಂದವಾಗಿದ್ದರೆ ಇದು ತೆರೆದುಕೊಂಡು ಸೋಸದ ಆಯಿಲನ್ನೇ ಎಂಜಿನ್‌ಗೆ ಬಿಡುತ್ತದೆ. ಆಯಿಲ್ ಇಲ್ಲದಿರುವುದಕ್ಕಿಂತ ಕೊಳಕು ಆಯಿಲ್ ವಾಸಿ ಎಂಬ ಲೆಕ್ಕಾಚಾರ. ಒಂದು ಸರ್ವಿಸ್ ಬಿಟ್ಟು ಒಂದಕ್ಕೆ ಫಿಲ್ಟರ್ ಬದಲಿಸುವವರು ಯೋಚಿಸಬೇಕಾದ್ದು ಇದನ್ನೇ: ತುಂಬಿದ ಫಿಲ್ಟರ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಸುಮ್ಮನೆ ದಾರಿ ಬಿಟ್ಟು ನಿಲ್ಲುತ್ತದೆ. ಹೊಸ ಸಿಂಥೆಟಿಕ್ ಸುರಿದು ಹಳೆಯ ಫಿಲ್ಟರ್ ಉಳಿಸಿಕೊಳ್ಳುವುದರಲ್ಲಿ ಯಾವ ಉಳಿತಾಯವೂ ಇಲ್ಲ. ದುಡ್ಡು ಒಂದಕ್ಕೇ ಸಾಲುವುದಾದರೆ ಮ್ಯಾನ್ಯುಯಲ್ ಒಪ್ಪುವ ಕಡಿಮೆ ಬೆಲೆಯ ಆಯಿಲ್ ತೆಗೆದುಕೊಂಡು ಫಿಲ್ಟರನ್ನು ಒಳ್ಳೆಯದೇ ಹಾಕಿಸಿ.

100-110 ಸಿಸಿಯ ಹಲವು ಬೈಕು, ಸ್ಕೂಟರುಗಳಲ್ಲಿ ಕಾಗದದ ಫಿಲ್ಟರ್ ಇರುವುದೇ ಇಲ್ಲ. ಒಂದು ಲೋಹದ ಜಾಲರಿ, ಕೆಲವದರಲ್ಲಿ ಕೊಳೆಯನ್ನು ತಿರುಗಿಸಿ ಅಂಚಿಗೆ ಎಸೆಯುವ ಬಟ್ಟಲು, ಅಷ್ಟೇ. ಅವುಗಳಲ್ಲಿ ಕೊಳೆ ಹೊರಹೋಗುವ ಮುಖ್ಯ ದಾರಿ ಆಯಿಲ್ ಬದಲಾವಣೆಯೇ.

ದೂಳು ಬರುವುದು ಗಾಳಿಯಿಂದ

ನನ್ನ ಮಟ್ಟಿಗೆ ನಮ್ಮ ರಾಜ್ಯದ ರಸ್ತೆಗಳಲ್ಲಿ ಎಂಜಿನ್‌ನ ಆಯಸ್ಸನ್ನು ನಿರ್ಧರಿಸುವುದು ಆಯಿಲ್‌ಗಿಂತ ಮೊದಲು ಏರ್ ಫಿಲ್ಟರ್.

ಒಂದು ಕಿಲೊ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರು 10,000 ಕಿ.ಮೀ. ಓಡುವಷ್ಟರಲ್ಲಿ ಸುಮಾರು 60 ಲಕ್ಷ ಲೀಟರ್ ಗಾಳಿಯನ್ನು ಎಳೆದುಕೊಂಡಿರುತ್ತದೆ. ಅದು ಬಳ್ಳಾರಿ-ಸಂಡೂರಿನ ಅದಿರು ಲಾರಿಗಳ ಹಿಂದಿನ ಕೆಂಪು ದೂಳಿನ ಗಾಳಿಯಾಗಿರಬಹುದು, ಅಗೆದು ಬಿಟ್ಟ ಬೆಂಗಳೂರಿನ ರಸ್ತೆಯದ್ದಾಗಿರಬಹುದು. ರಸ್ತೆ ದೂಳಿನಲ್ಲಿ ಹೇರಳವಾಗಿರುವುದು ಮರಳಿನ ಸಿಲಿಕಾ. ಅದು ಸಿಲಿಂಡರಿನ ಬೀಡು ಕಬ್ಬಿಣಕ್ಕಿಂತ ಗಡುಸು. ಒಳಹೊಕ್ಕ ದೂಳು ಆಯಿಲ್ ಜತೆ ಬೆರೆತು ರಿಂಗು ಮತ್ತು ಬೋರಿನ ನಡುವೆ ಉಜ್ಜುತ್ತದೆ. ‘ಬೋರು ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಇದೇ. ದೊಡ್ಡ ಯಂತ್ರಗಳ ಬಳಸಿದ ಆಯಿಲನ್ನು ಲ್ಯಾಬಿನಲ್ಲಿ ಪರೀಕ್ಷಿಸುವವರು ಮೊದಲು ನೋಡುವ ಅಂಕಿಗಳಲ್ಲಿ ಸಿಲಿಕಾನ್ ಒಂದು. ಅದೂ ಕಬ್ಬಿಣವೂ ಒಟ್ಟಿಗೆ ಏರಿದ್ದರೆ ಎಲ್ಲೋ ದೂಳು ನುಗ್ಗುತ್ತಿದೆ ಎಂದರ್ಥ.

ಇಲ್ಲಿ ಹೆಚ್ಚಿನವರಿಗೆ ಅಚ್ಚರಿಯೆನಿಸುವ ಸಂಗತಿ ಇದೆ. ಸ್ವಲ್ಪ ದೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಏಕೆಂದರೆ ಕಾಗದದ ಮೇಲೆ ಕೂತ ದೂಳೇ ಇನ್ನಷ್ಟು ಸಣ್ಣ ಜಾಲರಿಯಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ತೆಗೆದು ಗಾಳಿ ಹೊಡೆಸುವುದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ಕಂಪ್ರೆಸರಿನ ರಭಸಕ್ಕೆ ಕಾಗದದಲ್ಲಿ ಕಾಣದ ಸೀಳು ಬೀಳುತ್ತದೆ. ಪ್ರತಿ ಸಲ ತೆಗೆದು ಕೂರಿಸುವಾಗ ಅಂಚಿನ ರಬ್ಬರು ಸರಿಯಾಗಿ ಕೂರದೆ ಹೋಗುವ ಅಪಾಯವಿದೆ. ಅಂಚಿನ ಒಂದು ಸಣ್ಣ ಸಂದಿ ಸಾಕು, ಗಾಳಿ ಸುಲಭದ ಆ ದಾರಿಯನ್ನೇ ಹಿಡಿಯುತ್ತದೆ. ಫಿಲ್ಟರ್ ಬದಲಿಸುವಾಗ ಡಬ್ಬದೊಳಗಿನ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅಂಚು ಸುತ್ತಲೂ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ, ಕ್ಲಿಪ್ಪುಗಳೆಲ್ಲ ಬಿಗಿಯಾಗಿವೆಯೇ ಗಮನಿಸಿ. ಹೆಚ್ಚು ಗಾಳಿ ಬಿಡುತ್ತದೆ ಎಂದು ಮಾರುವ ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರುಗಳು ಸಾಮಾನ್ಯವಾಗಿ ದೂಳನ್ನೂ ಹೆಚ್ಚು ಬಿಡುತ್ತವೆ. ಎಣ್ಣೆ ಅತಿಯಾದರೆ ಗಾಳಿ ಅಳೆಯುವ ಸೆನ್ಸರ್ ಕೂಡ ಕೆಡಬಹುದು.

ಟ್ರ್ಯಾಕ್ಟರಿಗೆ ಇದು ಇನ್ನೂ ದೊಡ್ಡ ವಿಷಯ. ಒಣ ಹೊಲದಲ್ಲಿ ರೋಟಾವೇಟರ್ ಹೊಡೆಯುವಾಗ ಎಂಜಿನ್ ದೂಳಿನ ಮೋಡದೊಳಗೇ ಉಸಿರಾಡುತ್ತದೆ. ಹಳೆಯ ಮಾದರಿಗಳಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್ ಇರುತ್ತದೆ: ಒಳಬರುವ ಗಾಳಿ ಬಟ್ಟಲಿನ ಆಯಿಲ್ ಮೇಲೆ ಹಾದು ಗಕ್ಕನೆ ತಿರುಗುವಾಗ ಭಾರದ ದೂಳು ಆಯಿಲ್‌ಗೆ ಅಂಟುತ್ತದೆ. ಬಟ್ಟಲಿನಲ್ಲಿ ಆಯಿಲ್ ಗುರುತಿನಷ್ಟೇ ಇರಬೇಕು. ಕಡಿಮೆಯಾದರೆ ದೂಳು ಹಿಡಿಯುವುದಿಲ್ಲ, ಹೆಚ್ಚಾದರೆ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ತಳದಲ್ಲಿ ಕೆಸರು ನಿಂತಿದ್ದರೆ ಚೆಲ್ಲಿ ಹೊಸದು ಹಾಕಬೇಕು. ಹೊಸ ಮಾದರಿಗಳ ಒಣ ಫಿಲ್ಟರಿನಲ್ಲಿ ಹೊರಗೊಂದು, ಒಳಗೊಂದು ಎಂದು ಎರಡು ಪದರ. ಒಳಗಿನದನ್ನು ತೊಳೆಯುವುದಾಗಲಿ, ಗಾಳಿ ಹೊಡೆಯುವುದಾಗಲಿ ಕೂಡದು, ಬದಲಿಸುವುದೊಂದೇ ದಾರಿ.

ಡೀಸೆಲ್ ಫಿಲ್ಟರಿನ ಬಗ್ಗೆ ಎರಡೇ ಮಾತು. ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಡೀಸೆಲ್ ಚಿಮ್ಮಿಸುವ ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್‌ನ ಒತ್ತಡ 1,600 ಬಾರ್ ದಾಟುತ್ತದೆ, ಇಂಜೆಕ್ಟರ್ ಸಂದಿಗಳು ಕೆಲವೇ ಮೈಕ್ರಾನ್. ನೀರಿನ ಹನಿಯೂ ಅಲ್ಲಿ ಹಾನಿಕರ, ಆದ್ದರಿಂದ ಫಿಲ್ಟರ್ ತಳದ ನೀರನ್ನು ಹೇಳಿದ ಹೊತ್ತಿಗೆ ಬಸಿಯಬೇಕು. ಇನ್ನು ಬಿಲ್ಲಿನಲ್ಲಿ ಕಾಣುವ ‘ಎಸಿ ಫಿಲ್ಟರ್’ಗೂ ಎಂಜಿನ್‌ಗೂ ಸಂಬಂಧವಿಲ್ಲ, ಅದು ಕಾರಿನೊಳಗೆ ಕೂತವರ ಉಸಿರಿಗೆ.

ಯಾವಾಗ ಬದಲಿಸಬೇಕು?

‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂಬುದು ಕಾರುಗಳಲ್ಲಿ ಸಾಮಾನ್ಯ ಸೂಚನೆ. ಅದೇ ಮ್ಯಾನ್ಯುಯಲ್‌ನ ಇನ್ನೊಂದು ಪುಟದಲ್ಲಿ ಕಠಿಣ ಬಳಕೆ ಎಂಬ ಪಟ್ಟಿ ಇರುತ್ತದೆ: ದೂಳಿನ ರಸ್ತೆ, ನಿಂತು ನಿಂತು ಸಾಗುವ ಟ್ರಾಫಿಕ್, ಸಣ್ಣ ಸಣ್ಣ ಓಡಾಟ, ಭಾರ ಎಳೆಯುವುದು. ಅಂಥವರು ಬೇಗ ಬದಲಿಸಬೇಕು ಎಂದು ಅಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಬಹುಪಾಲು ಜನ ಈ ಪಟ್ಟಿಯಲ್ಲೇ ಬರುತ್ತಾರೆ. ಲೆಕ್ಕ ನೋಡಿ: ಗಂಟೆಗೆ ಸರಾಸರಿ 60 ಕಿ.ಮೀ.ಯಂತೆ ಹೈವೇಯಲ್ಲಿ 10,000 ಕಿ.ಮೀ. ಓಡಿದರೆ ಎಂಜಿನ್ ದುಡಿದದ್ದು ಸುಮಾರು 167 ಗಂಟೆ. ನಗರದ ಟ್ರಾಫಿಕ್‌ನಲ್ಲಿ ಸರಾಸರಿ 15 ಕಿ.ಮೀ. ವೇಗದಲ್ಲಿ ಅಷ್ಟೇ ದೂರ ಹೋದರೆ 667 ಗಂಟೆ. ಮೀಟರಿನಲ್ಲಿ ಎರಡೂ ಒಂದೇ, ಆಯಿಲ್‌ಗೆ ನಾಲ್ಕು ಪಟ್ಟು ವ್ಯತ್ಯಾಸ.

ಹತ್ತಿರದ ಓಡಾಟ ಎಂಜಿನ್‌ಗೆ ಸುಖ ಎಂದು ತೋರುತ್ತದೆ, ನಿಜದಲ್ಲಿ ಉಲ್ಟಾ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಹೊಗೆಯೊಂದಿಗೆ ಹೋಗುತ್ತದೆ, ಸ್ವಲ್ಪ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಮತ್ತೆ ಆವಿಯಾಗಿ ಹೊರಬೀಳುತ್ತದೆ. ಮಗುವನ್ನು ಸ್ಕೂಲಿಗೆ ಬಿಟ್ಟು ಎರಡು ಕಿಲೋಮೀಟರಿನಲ್ಲಿ ಮನೆಗೆ ಮರಳುವ ಗಾಡಿ ಅಷ್ಟು ಬಿಸಿಯಾಗುವುದೇ ಇಲ್ಲ. ಆಯಿಲ್ ಹಾಕುವ ಮುಚ್ಚಳದ ಒಳಗೆ ಕೆನೆಬಣ್ಣದ ಲೋಳೆ ಕಂಡರೆ ಅದು ಹೆಚ್ಚಾಗಿ ಈ ನೀರೇ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಎಲ್ಲೆಡೆ ಬಂದಿರುವ ಈಗ ಇದು ಇನ್ನೂ ಪ್ರಸ್ತುತ. ಎಥನಾಲ್ ನೀರಿನೊಂದಿಗೆ ಸುಲಭವಾಗಿ ಬೆರೆಯುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಒಂದೇ ಸಮನೆ ಓಡಿಸಿದರೆ ಆಯಿಲ್ ಸೇರಿದ ನೀರು, ಎಥನಾಲ್ ಎರಡೂ ಹಾರಿಹೋಗುತ್ತವೆ.

ಬಣ್ಣ ನೋಡಿ ತೀರ್ಮಾನಿಸಬೇಡಿ. ಮಸಿಯನ್ನು ತೇಲಿಸಿಕೊಳ್ಳುವುದು ಆಯಿಲ್‌ನ ಕೆಲಸವಾದ್ದರಿಂದ ಡೀಸೆಲ್‌ನಲ್ಲಿ ಅದು ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ನೋಡಬೇಕಾದ್ದು ಮಟ್ಟ: ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಡಿಪ್ ಸ್ಟಿಕ್ ಒರೆಸಿ ಮತ್ತೆ ಅದ್ದಿ ನೋಡಿ. ಮೇಲಿನ ಗುರುತು ದಾಟಿದ್ದರೂ ತಪ್ಪೇ. ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ತೇಲಿಸುವ ಶಕ್ತಿ ಇಲ್ಲ. ಡಿಪಿಎಫ್ ಇರುವ ಡೀಸೆಲ್‌ನಲ್ಲಿ ಮಟ್ಟ ತಾನಾಗಿ ಏರುತ್ತಿದ್ದರೆ ಡೀಸೆಲ್ಲೇ ಆಯಿಲ್‌ಗೆ ಸೇರುತ್ತಿದೆ ಎಂದರ್ಥ, ತಡಮಾಡದೆ ತೋರಿಸಬೇಕು.

ಮಿನರಲ್‌ನಿಂದ ಸಿಂಥೆಟಿಕ್‌ಗೆ ಹೋದರೆ ಮತ್ತೆ ಹಿಂದಕ್ಕೆ ಬರುವಂತಿಲ್ಲ ಎಂಬುದು ನಿಜವಲ್ಲ. ಅವು ಒಂದರೊಡನೊಂದು ಬೆರೆಯುತ್ತವೆ. ದಾರಿಯಲ್ಲಿ ಮಟ್ಟ ತೀರಾ ಇಳಿದಿದ್ದರೆ ಅದೇ ಗ್ರೇಡಿನ ಬೇರೆ ಕಂಪನಿಯ ಆಯಿಲ್ ಸೇರಿಸಿ ಮುಂದೆ ಸಾಗಬಹುದು. ಒಳ್ಳೆಯ ಆಯಿಲ್‌ನ ಗುಣ ಆ ಮಟ್ಟಿಗೆ ತಗ್ಗುತ್ತದೆ, ಅಷ್ಟೇ. ಆಯಿಲ್‌ಗೆ ಬೆರೆಸಿ ಎಂದು ಪ್ರತ್ಯೇಕವಾಗಿ ಮಾರುವ ಬಾಟಲಿಗಳು ಬೇಡ, ಬೇಕಾದ್ದೆಲ್ಲ ಡಬ್ಬಿಯೊಳಗೇ ಅಳತೆಯಲ್ಲಿ ಇರುತ್ತದೆ. ಡಬ್ಬಿಯ ಸೀಲು ನಿಮ್ಮ ಕಣ್ಣೆದುರೇ ಒಡೆಯಲಿ, ಖಾಲಿ ಡಬ್ಬಿಗೆ ತೂತು ಮಾಡಿಸಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಇಂಥ ಖಾಲಿ ಡಬ್ಬಿಗಳೇ.

ತೆಗೆದ ಆಯಿಲ್ ಎಲ್ಲಿಗೆ?

ನಮ್ಮ ಹಳ್ಳಿಗಳಲ್ಲಿ ಹಳೆಯ ಆಯಿಲನ್ನು ಗೆದ್ದಲು ಹಿಡಿಯದಂತೆ ಬೇಲಿ ಕಂಬಕ್ಕೆ, ತೊಲೆಗೆ ಬಳಿಯುತ್ತಾರೆ. ಕಟ್ಟಡದ ಕೆಲಸದಲ್ಲಿ ಸೆಂಟ್ರಿಂಗ್ ಹಲಗೆಗೆ ಹಚ್ಚುತ್ತಾರೆ. ಓಡಿದ ಆಯಿಲ್ ಹೊಸ ಆಯಿಲ್‌ನಂತಲ್ಲ. ಉರಿದ ಇಂಧನದಿಂದ ಬಂದ, ಕ್ಯಾನ್ಸರ್ ತರಬಲ್ಲ ಸಂಯುಕ್ತಗಳು ಅದರಲ್ಲಿ ಸೇರಿರುತ್ತವೆ, ಸವೆದ ಲೋಹದ ಪುಡಿಯೂ ಇರುತ್ತದೆ. ಬರಿಗೈಯಲ್ಲಿ ಮುಟ್ಟುವುದು ಬೇಡ. ದಿನವೂ ಅದರಲ್ಲೇ ಕೈ ಅದ್ದುವ ಗ್ಯಾರೇಜಿನ ಹುಡುಗರಿಗೆ ಗ್ಲೌಸು ಅತ್ಯಗತ್ಯ.

ಕಾನೂನಿನ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದನ್ನು ಮರುಶುದ್ಧಿಗೆ ಕಳಿಸುವ ಹೊಣೆಯಲ್ಲಿ ತಯಾರಕರನ್ನೂ ಸೇರಿಸುವ ನಿಯಮ ಜಾರಿಯಲ್ಲಿದೆ. ಮರುಶುದ್ಧಿ ಮಾಡಿದರೆ ಅದರಿಂದ ಮತ್ತೆ ಮೂಲ ಎಣ್ಣೆ ಸಿಗುತ್ತದೆ. ಎಣ್ಣೆಯ ಅಣುಗಳು ಅಷ್ಟು ಬೇಗ ಸವೆಯುವುದಿಲ್ಲ, ಸವೆಯುವುದು ಅದರಲ್ಲಿ ಬೆರೆಸಿದ ರಾಸಾಯನಿಕಗಳು. ಮನೆಯಲ್ಲೇ ಆಯಿಲ್ ಬದಲಿಸುವವರು ತೆಗೆದದ್ದನ್ನು ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ನೀರು, ಥಿನ್ನರ್ ಯಾವುದೂ ಬೆರೆಯದಂತೆ ಇಟ್ಟು, ಹಳೆಯ ಆಯಿಲನ್ನು ಮರುಶುದ್ಧಿಗೆ ಕೊಡುವ ಸರ್ವಿಸ್ ಸೆಂಟರಿಗೆ ತಲುಪಿಸಿ. ಫಿಲ್ಟರಿನಲ್ಲೂ ಸಾಕಷ್ಟು ಆಯಿಲ್ ಉಳಿದಿರುತ್ತದೆ. ಅದನ್ನು ಒಂದು ರಾತ್ರಿ ಕ್ಯಾನಿನ ಬಾಯಿಯ ಮೇಲೆ ಬೋರಲು ಇಟ್ಟು ಬಸಿದು, ಅದರ ಜತೆಗೇ ಕೊಡಿ.